ಐಲವ್‌ಯೂ ಹುಳು: ಒಳಗೆ ನುಗ್ಗಿದ ಬಗೆ, ಹೊರಹಾಕುವ ಕ್ರಮ

ಮೇಲ್ ಮೂಲಕ ಹರಡಿದ ಐಲವ್‌ಯೂ ಹುಳುವಿನ ಫೈಲಿನ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ: ಲವ್-ಲೆಟರ್-ಫಾರ್-ಯೂ.ಟಿಎಕ್ಸ್‌ಟಿ.ವಿಬಿಎಸ್. ಹೆಸರಿನಲ್ಲಿ ಎರಡು ಚುಕ್ಕಿಗಳಿವೆ. ವಿಂಡೋಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ಚುಕ್ಕಿಯ ಆಚೆಗಿರುವ ಬಾಲವನ್ನು ಮಾತ್ರ. ಇದು ಯಾವ ಬಗೆಯ ಫೈಲು, ಯಾವ ಪ್ರೋಗ್ರಾಮಿನ ಕೈಗೆ ಕೊಡಬೇಕು ಎಂದು ಅದು ತೀರ್ಮಾನಿಸುವುದು ಆ ಬಾಲವನ್ನು ನೋಡಿ. ಆದರೆ ವಿಂಡೋಸ್ 95ರ ಕಾಲದಿಂದಲೂ ಅದಕ್ಕೊಂದು ಚಾಳಿ ಇದೆ. ತನಗೆ ಪರಿಚಯವಿರುವ ಬಾಲಗಳನ್ನು ಪರದೆಯ ಮೇಲೆ ತೋರಿಸುವುದಿಲ್ಲ. ವಿಬಿಎಸ್ ಅದಕ್ಕೆ ಪರಿಚಿತ ಬಾಲವೇ. ಹಾಗಾಗಿ ಎಷ್ಟೋ ಕಂಪ್ಯೂಟರುಗಳಲ್ಲಿ ಕಂಡದ್ದು ಟಿಎಕ್ಸ್‌ಟಿ ಎಂದು ಮುಗಿಯುವ ಹೆಸರು, ಅಂದರೆ ಬರೀ ಅಕ್ಷರಗಳಿರುವ, ತೆರೆದರೆ ಏನೂ ಕೆಡದ ಫೈಲು. ಗುರುತು ಹಿಡಿಯಲು ಒಂದೇ ದಾರಿ ಇತ್ತು: ನೋಟ್‌ಪ್ಯಾಡ್ ಪುಟದ ಬದಲು ಸುರುಳಿ ಸುತ್ತಿದ ನೀಲಿ ಕಾಗದದಂಥ ಚಿತ್ರ. ಅದನ್ನು ನೋಡಿ ಅನುಮಾನಪಡುವಷ್ಟು ತಾಳ್ಮೆ, ಪ್ರೇಮಪತ್ರ ಬಂದಿದೆ ಎಂದಾಗ ಯಾರಿಗಿರುತ್ತದೆ?

2000ನೇ ಇಸವಿಯ ಮೇ 4, ಗುರುವಾರ. ಫಿಲಿಪ್ಪೀನ್ಸ್‌ನ ಮನಿಲಾದಿಂದ ಹೊರಟ ಈ ಮೇಲ್ ಏಷ್ಯಾ, ಯೂರೋಪು, ಅಮೆರಿಕ ಎಂದು ಬೆಳಗಾಗುವ ಕ್ರಮದಲ್ಲೇ ಕಚೇರಿಗಳನ್ನು ಮುಟ್ಟಿತು. ವಿಷಯದ ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಐಲವ್‌ಯೂ. ಒಳಗೆ ಒಂದೇ ವಾಕ್ಯ: ನಾನು ಕಳಿಸಿರುವ ಪ್ರೇಮಪತ್ರ ಲಗತ್ತಿಸಿದೆ, ದಯವಿಟ್ಟು ನೋಡಿ. ಬ್ರಿಟನ್ನಿನ ಸಂಸತ್ತು ತನ್ನ ಮೇಲ್ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು, ಅಮೆರಿಕದ ಪೆಂಟಗನ್ನಿಗೂ ಬಿಸಿ ತಟ್ಟಿತು. ಇವರೆಲ್ಲ ಅಪರಿಚಿತರ ಮೇಲ್ ತೆರೆದು ಕೆಟ್ಟವರಲ್ಲ. ಕಳಿಸಿದವರ ಜಾಗದಲ್ಲಿ ಇದ್ದದ್ದು ಪಕ್ಕದ ಮೇಜಿನವರ, ಮೇಲಧಿಕಾರಿಯ, ಹಳೆಯ ಗೆಳೆಯನ ಹೆಸರು. ಅದು ಸುಳ್ಳು ಹೆಸರೂ ಅಲ್ಲ, ಮೇಲ್ ನಿಜಕ್ಕೂ ಅವರ ಕಂಪ್ಯೂಟರಿನಿಂದಲೇ ಹೊರಟಿತ್ತು.

ವೈರಸ್ ಎಂದು ಎಲ್ಲರೂ ಕರೆದರೂ ಇದು ವರ್ಮ್, ಅಂದರೆ ಹುಳು. ವೈರಸ್ ಇನ್ನೊಂದು ಪ್ರೋಗ್ರಾಮಿನ ಒಳಗೆ ಸೇರಿಕೊಂಡು ಅದರ ಜತೆ ಓಡಾಡುತ್ತದೆ. ಹುಳುವಿಗೆ ಆಶ್ರಯ ಬೇಕಿಲ್ಲ. ತಾನೇ ಒಂದು ಇಡೀ ಪ್ರೋಗ್ರಾಮು, ತನ್ನ ನಕಲನ್ನು ತಾನೇ ನೆಟ್‌ವರ್ಕಿನಲ್ಲಿ ಸಾಗಿಸುತ್ತದೆ. ಮಾತಿನಲ್ಲಿ ಈ ವ್ಯತ್ಯಾಸ ಅಷ್ಟು ಮುಖ್ಯವಲ್ಲ, ತೆಗೆಯುವಾಗ ಮುಖ್ಯ. ವೈರಸ್ ಹತ್ತಿದ ಫೈಲನ್ನು ತೊಳೆದು ಉಳಿಸಿಕೊಳ್ಳಲು ನೋಡಬಹುದು. ಹುಳುವಿನ ಫೈಲಿನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ, ಇಡಿಯಾಗಿ ಅಳಿಸುವುದೇ.

ಒಳಗೆ ಏನಿತ್ತು

ಐಲವ್‌ಯೂ ಒಂದು ವಿಬಿ ಸ್ಕ್ರಿಪ್ಟ್, ಅಂದರೆ ವಿಂಡೋಸ್ ಸಾಲುಸಾಲಾಗಿ ಪಾಲಿಸುವ ಆದೇಶಗಳ ಪಟ್ಟಿ, ಹೆಚ್ಚುಕಡಿಮೆ 10 ಕಿಲೋಬೈಟಿನ ಸಾದಾ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು. ಅದನ್ನು ಓಡಿಸುವುದು ವಿಂಡೋಸ್ 98ರಿಂದೀಚೆಗೆ ಎಲ್ಲ ಕಂಪ್ಯೂಟರುಗಳಲ್ಲೂ ಮೊದಲೇ ಇದ್ದ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಅಂದರೆ ಡಬ್ಲ್ಯುಸ್ಕ್ರಿಪ್ಟ್.ಇಎಕ್ಸ್‌ಇ. ಕಚೇರಿಯ ಸಿಸ್ಟಮ್ ನಿರ್ವಾಹಕರು ಪ್ರಿಂಟರ್ ಜೋಡಿಸಲು, ಫೈಲು ನಕಲಿಸಲು ಬಳಸಲಿ ಎಂದು ಕೊಟ್ಟ ಸಲಕರಣೆ ಅದು. ಹುಳು ಯಾವ ಬೀಗವನ್ನೂ ಮುರಿಯಲಿಲ್ಲ, ಇದ್ದ ಬೀಗದಕೈಯನ್ನೇ ಬಳಸಿತು.

ಸ್ಕ್ರಿಪ್ಟಿನ ಆರಂಭದಲ್ಲೇ ಒಂದು ಆದೇಶವಿದೆ: ಎಲ್ಲಾದರೂ ತಪ್ಪು ಎದುರಾದರೆ ನಿಲ್ಲಬೇಡ, ಮುಂದಿನ ಸಾಲಿಗೆ ಹೋಗು. ನೋಡಲು ಸಣ್ಣದು, ಪರಿಣಾಮ ಅಷ್ಟಿಷ್ಟಲ್ಲ. ಒಂದು ಫೈಲಿಗೆ ಬರೆಯಲು ಅನುಮತಿ ಇಲ್ಲವೇ? ಬಿಟ್ಟು ಮುಂದೆ. ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಮು ಔಟ್‌ಲುಕ್ ಇಲ್ಲವೇ? ಬಿಟ್ಟು ಮುಂದೆ. ಪರದೆಯ ಮೇಲೆ ಒಂದು ದೂರೂ ಬರುವುದಿಲ್ಲ. ಪತ್ರ ತೆರೆಯಲಿಲ್ಲವಲ್ಲ ಎಂದು ಜನ ಮತ್ತೊಮ್ಮೆ ಡಬಲ್ ಕ್ಲಿಕ್ ಮಾಡುತ್ತಿದ್ದರು, ಅಷ್ಟೆ.

ಕೆಲಸದ ಸರದಿ ಹೀಗಿತ್ತು. ಮೊದಲು ತನ್ನದೇ ಮೂರು ನಕಲು. ಸಿಸ್ಟಮ್ ಫೋಲ್ಡರಿನಲ್ಲಿ ಎಂಎಸ್‌ಕರ್ನಲ್32.ವಿಬಿಎಸ್ ಮತ್ತು ಪ್ರೇಮಪತ್ರದ ಮೂಲ ಹೆಸರಿನದೇ ಇನ್ನೊಂದು, ವಿಂಡೋಸ್ ಫೋಲ್ಡರಿನಲ್ಲಿ ವಿನ್32ಡಿಎಲ್‌ಎಲ್.ವಿಬಿಎಸ್. ಹೆಸರುಗಳನ್ನು ಗಮನಿಸಿ: ಕರ್ನಲ್, ಡಿಎಲ್‌ಎಲ್ ಎಂದರೆ ಮುಟ್ಟಲು ಕೈ ನಡುಗುವಂಥ ಹೆಸರುಗಳು. ಬಳಿಕ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ಕಡತ. ಕಂಪ್ಯೂಟರ್ ಶುರುವಾದಾಗಲೆಲ್ಲ ಏನೇನು ತಾನಾಗಿ ಓಡಬೇಕು ಎಂದು ಬರೆದಿಡುವ ರನ್ ಎಂಬ ಜಾಗದಲ್ಲಿ ಮೊದಲನೆಯ ನಕಲಿನ ಹೆಸರು, ರನ್‌ಸರ್ವಿಸಸ್ ಎಂಬಲ್ಲಿ ಮೂರನೆಯದರ ಹೆಸರು. ಎರಡನೆಯ ಜಾಗ ಕೆಲಸ ಮಾಡುವುದು ವಿಂಡೋಸ್ 95, 98 ಕುಟುಂಬದಲ್ಲಿ ಮಾತ್ರ, ಅಲ್ಲಿ ಅದು ಬಳಕೆದಾರ ಲಾಗಿನ್ ಆಗುವ ಮೊದಲೇ ಓಡುತ್ತದೆ. ಇದರ ಜತೆಗೆ ಸ್ಕ್ರಿಪ್ಟ್ ಹೋಸ್ಟಿನ ಸಮಯದ ಮಿತಿಯನ್ನೂ ಸೊನ್ನೆ ಮಾಡಿತು. ಯಾರಾದರೂ ಜಾಗರೂಕ ನಿರ್ವಾಹಕರು ಸ್ಕ್ರಿಪ್ಟುಗಳು ಇಂತಿಷ್ಟೇ ಸೆಕೆಂಡು ಓಡಬೇಕು ಎಂದು ಕಟ್ಟು ಹಾಕಿದ್ದರೆ ಅದು ಅಲ್ಲಿಗೆ ಬಿಚ್ಚಿಹೋಯಿತು.

ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮುಖಪುಟವನ್ನೂ ಬದಲಿಸಿತು. ಫಿಲಿಪ್ಪೀನ್ಸ್‌ನ ಒಂದು ಇಂಟರ್ನೆಟ್ ಕಂಪನಿಯ ನಾಲ್ಕು ವಿಳಾಸಗಳ ಪೈಕಿ ಯಾವುದಾದರೊಂದಕ್ಕೆ. ಅಲ್ಲಿ ವಿನ್-ಬಗ್ಸ್‌ಫಿಕ್ಸ್.ಇಎಕ್ಸ್‌ಇ ಎಂಬ ಫೈಲು ಕಾದಿತ್ತು: ದೋಷ ಸರಿಪಡಿಸುವ ಹೆಸರು, ಡಯಲ್-ಅಪ್ ಪಾಸ್‌ವರ್ಡ್ ಕದ್ದು ಮೇಲ್ ಮಾಡುವ ಕೆಲಸ. ಬಹುಶಃ ಬರೆದವನಿಗೆ ಬೇಕಾಗಿದ್ದದ್ದು ಇದೊಂದೇ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ. ಆ ಕಂಪನಿ ಪುಟಗಳನ್ನು ಬೇಗನೆ ತೆಗೆದುಹಾಕಿದ್ದರಿಂದ ಈ ಭಾಗ ಹೆಚ್ಚು ದಿನ ನಡೆಯಲಿಲ್ಲ. ದಾರಿ ಮಾತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು.

ಆಮೇಲೆ ಮೇಲ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇರೆ ಪ್ರೋಗ್ರಾಮುಗಳೂ ತನ್ನನ್ನು ನಡೆಸಲಿ ಎಂದು ಔಟ್‌ಲುಕ್ ಒಂದು ಬಾಗಿಲು ತೆರೆದಿಟ್ಟಿತ್ತು. ಹುಳು ಆ ಬಾಗಿಲಲ್ಲಿ ನಿಂತು ವಿಳಾಸ ಪಟ್ಟಿಗಳೆಷ್ಟಿವೆ ಎಂದು ಕೇಳುತ್ತದೆ. ಒಂದೊಂದು ಪಟ್ಟಿಯನ್ನೂ ತೆಗೆದುಕೊಂಡು, ಅದರಲ್ಲಿರುವ ಒಂದೊಂದು ವಿಳಾಸಕ್ಕೂ ಬೇರೆಬೇರೆಯಾಗಿ ಮೇಲ್ ತಯಾರಿಸಿ, ತನ್ನ ನಕಲನ್ನು ಲಗತ್ತಿಸಿ ಕಳಿಸುತ್ತದೆ. ಕಳಿಸಿದ ಮೇಲೆ ರಿಜಿಸ್ಟ್ರಿಯಲ್ಲಿ ವಿಳಾಸ ಪುಸ್ತಕದ ವಿಭಾಗದಡಿ ಆ ವಿಳಾಸದ ಮುಂದೆ 1 ಎಂದು ಗುರುತು. ಮುಂದಿನ ಸಲ ಓಡಿದಾಗ ಗುರುತಿರುವವರಿಗೆ ಮತ್ತೆ ಹೋಗುವುದಿಲ್ಲ, ಪಟ್ಟಿಗೆ ಹೊಸಬರು ಸೇರಿದ್ದರೆ ಅವರಿಗೆ ಹೋಗುತ್ತದೆ. ಮದುವೆ ಕರೆಯೋಲೆ ಹಂಚುವವರು ಪಟ್ಟಿಯಲ್ಲಿ ಟಿಕ್ ಹಾಕಿಕೊಳ್ಳುವ ಹಾಗೆ.

ಒಂದು ವರ್ಷದ ಹಿಂದೆ, 1999ರ ಮಾರ್ಚ್ 26ರಂದು ಹೊರಬಿದ್ದ ಮೆಲಿಸ್ಸಾ ಎಂಬ ಮೇಲ್ ವೈರಸ್ ಪ್ರತಿ ಪಟ್ಟಿಯ ಮೊದಲ 50 ವಿಳಾಸಗಳಿಗೆ ಮಾತ್ರ ಹೋಗುತ್ತಿತ್ತು. ಅಷ್ಟಕ್ಕೇ ದೊಡ್ಡ ಕಂಪನಿಗಳ ಮೇಲ್ ಸರ್ವರುಗಳು ಕೂತುಬಿಟ್ಟಿದ್ದವು. ಐಲವ್‌ಯೂಗೆ ಈ ಮಿತಿ ಇಲ್ಲ. ಕಚೇರಿಯ ಔಟ್‌ಲುಕ್‌ನಲ್ಲಿ ಸಿಬ್ಬಂದಿಯೆಲ್ಲರ ಹೆಸರಿರುವ ಸಾಮೂಹಿಕ ಪಟ್ಟಿಯೂ ಇರುತ್ತದಲ್ಲ. 500 ಜನರ ಕಚೇರಿಯಲ್ಲಿ ಹತ್ತು ಮಂದಿ ತೆರೆದರೆ 5,000 ಮೇಲ್. ಪಟ್ಟಿಯೊಳಗೆ ‘ಎಲ್ಲ ಸಿಬ್ಬಂದಿ’ ಎಂಬ ಗುಂಪು ವಿಳಾಸವೂ ಒಂದಿದ್ದರೆ ಅದು ಮತ್ತೆ ಒಬ್ಬೊಬ್ಬರಿಗೂ ಇನ್ನೊಂದೊಂದು. ಸರ್ವರುಗಳು ಮಲಗಿದ್ದು ಹುಳು ಅವುಗಳ ಮೇಲೆ ದಾಳಿ ಮಾಡಿತೆಂದಲ್ಲ, ಈ ಹೊರೆ ತಡೆಯಲಾಗದೆ.

ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸುತ್ತಿದ್ದವರ ಕಂಪ್ಯೂಟರಿನಿಂದ ಮೇಲ್ ಹೋಗಲಿಲ್ಲ. ಹೆಸರು ಒಂದೇ ರೀತಿ ಇದ್ದರೂ ಅದರಲ್ಲಿ ಆ ಬಾಗಿಲು ಇರಲಿಲ್ಲ. ಆದರೆ ಅವರೂ ಪಾರಾಗಲಿಲ್ಲ, ಏಕೆಂದರೆ ಮೇಲ್ ಮುಗಿದ ಮೇಲಿನ ಸರದಿ ಫೈಲುಗಳದು.

ಫೈಲುಗಳಿಗೆ ಆದದ್ದು

ಹುಳು ಕಂಪ್ಯೂಟರಿನ ಎಲ್ಲ ಡಿಸ್ಕುಗಳನ್ನೂ, ನೆಟ್‌ವರ್ಕಿನಲ್ಲಿ ಜೋಡಿಸಿಕೊಂಡ ಡ್ರೈವುಗಳನ್ನೂ ಫೋಲ್ಡರ್ ಫೋಲ್ಡರಾಗಿ ಜಾಲಾಡಿತು. ಫ್ಲಾಪಿಗಳನ್ನು ಮುಟ್ಟಲಿಲ್ಲ. ಎಲ್ಲ ಫೈಲುಗಳಿಗೂ ಒಂದೇ ಗತಿ ಕಾಣಿಸಲಿಲ್ಲ ಎಂಬುದನ್ನು ನೆನಪಿಡಬೇಕು, ಏಕೆಂದರೆ ವಾಪಸು ಸಿಗುವುದು ಯಾವುದು, ಸಿಗದ್ದು ಯಾವುದು ಎಂಬುದು ಇಲ್ಲೇ ನಿಂತಿದೆ.

ವಿಬಿಎಸ್, ವಿಬಿಇ ಫೈಲು ಸಿಕ್ಕರೆ ಅದರ ಒಳಗಿನದನ್ನು ಅಳಿಸಿ ತನ್ನನ್ನು ಬರೆದುಕೊಂಡಿತು. ಜೆಎಸ್, ಸಿಎಸ್‌ಎಸ್, ಎಚ್‌ಟಿಎ ಇತ್ಯಾದಿ ಸಿಕ್ಕರೆ ಹಾಗೆಯೇ ತುಂಬಿ, ಬಾಲವನ್ನೂ ವಿಬಿಎಸ್ ಎಂದು ಬದಲಿಸಿತು. ವೆಬ್‌ಸೈಟ್ ಕಟ್ಟುವವರ ಕೆಲಸ ಹೋದದ್ದು ಹೀಗೆ. ಜೆಪಿಜಿ ಚಿತ್ರಗಳ ಮೇಲೂ ತನ್ನನ್ನು ಬರೆದು, ಹೆಸರಿನ ಕೊನೆಗೆ ವಿಬಿಎಸ್ ಸೇರಿಸಿ, ಮೂಲವನ್ನು ಅಳಿಸಿತು. ಮದುವೆ.ಜೆಪಿಜಿ ಇದ್ದದ್ದು ಮದುವೆ.ಜೆಪಿಜಿ.ವಿಬಿಎಸ್ ಆಯಿತು, ಒಳಗೆ ಚಿತ್ರದ ಒಂದು ಚುಕ್ಕೆಯೂ ಇಲ್ಲ.

ಎಂಪಿ3 ಹಾಡುಗಳಿಗೆ ಮಾತ್ರ ಬೇರೆ ಉಪಚಾರ. ಹಾಡನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ಅದೇ ಹೆಸರಿಗೆ ವಿಬಿಎಸ್ ಸೇರಿಸಿದ ತನ್ನ ನಕಲನ್ನಿಟ್ಟು, ಮೂಲ ಹಾಡಿಗೆ ‘ಮರೆ’ ಎಂಬ ಗುರುತು ಹಾಕಿತು. ಬಾಲ ಕಾಣಿಸದ ಕಂಪ್ಯೂಟರಿನಲ್ಲಿ ಕಣ್ಣಿಗೆ ಬೀಳುವುದು ನಕಲು. ಹಾಡು ಕೇಳೋಣ ಎಂದು ಒತ್ತಿದರೆ ಹುಳು ಮತ್ತೆ ಮೊದಲಿನಿಂದ ಓಡುತ್ತದೆ. ಮೇಲ್ ಅಳಿಸಿ ನಿಶ್ಚಿಂತರಾದವರಿಗೆ ಮರುದಿನ ಪುನಃ ತಗುಲಿಕೊಂಡದ್ದರ ಗುಟ್ಟು ಹೆಚ್ಚಾಗಿ ಇದೇ.

ಆಗಿನ ಹರಟೆಯ ತಾಣಗಳಲ್ಲಿ ಬಳಕೆಯಲ್ಲಿದ್ದ ಎಂಐಆರ್‌ಸಿ ಕಂಡರೆ ಅದರ ಸ್ಕ್ರಿಪ್ಟ್.ಐಎನ್‌ಐ ಫೈಲನ್ನೂ ತಿದ್ದಿ, ಕೋಣೆಗೆ ಹೊಸಬರು ಬಂದಾಗಲೆಲ್ಲ ಎಚ್‌ಟಿಎಂ ರೂಪದ ಇನ್ನೊಂದು ನಕಲನ್ನು ಅವರಿಗೆ ತಳ್ಳುತ್ತಿತ್ತು.

ಇಷ್ಟೂ ಸಾದಾ ಪಠ್ಯವಾಗಿದ್ದರಿಂದ ತಿದ್ದುವುದೂ ಸಲೀಸು. ಕೆಲವೇ ದಿನಗಳಲ್ಲಿ ಹತ್ತಾರು ಮರಿಗಳು ಹುಟ್ಟಿದವು. ಒಂದರ ವಿಷಯ ತಮಾಷೆ, ಇನ್ನೊಂದು ತಾಯಂದಿರ ದಿನದ ಉಡುಗೊರೆಗೆ ನಿಮ್ಮ ಕ್ರೆಡಿಟ್ ಕಾರ್ಡಿನಿಂದ ಹಣ ಕಡಿತವಾಗಿದೆ ಎಂಬ ರಸೀದಿ. ವಿಷಯದ ಸಾಲಿನಲ್ಲಿ ಐಲವ್‌ಯೂ ಇದ್ದರೆ ತಡೆ ಎಂದು ಸರ್ವರಿಗೆ ಹೇಳಿಕೊಟ್ಟವರು ಇವಕ್ಕೆ ಸಿಕ್ಕಿಬಿದ್ದರು. ವಿಬಿಎಸ್ ಬಾಲದ ಲಗತ್ತು ಯಾವುದೇ ಇರಲಿ ತಡೆ ಎಂದವರು ಬಚಾವಾದರು.

ತೆಗೆಯುವ ಕ್ರಮ

ಹುಳು ತೆಗೆಯಲು ಹೊರಟವರು ಎಡವಿದ್ದು ಏನು ಮಾಡಬೇಕೆಂದು ಗೊತ್ತಿಲ್ಲದೆ ಅಲ್ಲ, ಯಾವುದರ ನಂತರ ಯಾವುದು ಎಂಬಲ್ಲಿ. ಅದು ಓಡುತ್ತಿರುವಾಗಲೇ ಫೈಲು ಅಳಿಸಿದರೆ ಇನ್ನೂ ಜಾಲಾಡದ ಫೋಲ್ಡರುಗಳಲ್ಲಿ ಹೊಸ ನಕಲುಗಳು ಹುಟ್ಟುತ್ತಲೇ ಇರುತ್ತವೆ. ರಿಜಿಸ್ಟ್ರಿ ಬಿಟ್ಟು ಫೈಲನ್ನಷ್ಟೇ ಅಳಿಸಿದರೆ ಪ್ರತಿ ಸಲ ಕಂಪ್ಯೂಟರ್ ಶುರುವಾದಾಗ ಫೈಲು ಸಿಗಲಿಲ್ಲ ಎಂಬ ದೂರು. ಇದು ಅಪಾಯವಲ್ಲ, ಆದರೆ ಹೆದರಿದವರು ಇನ್ನೇನನ್ನೋ ಅಳಿಸಲು ಹೋಗುತ್ತಾರೆ.

ಮೊದಲ ಕೆಲಸ ನೆಟ್‌ವರ್ಕಿನ ಕೇಬಲ್ ಕಿತ್ತುಹಾಕುವುದು. ಕಂಪ್ಯೂಟರನ್ನು ಆಫ್ ಮಾಡುವುದಕ್ಕಿಂತ ಇದು ಮುಂಚೆ, ಏಕೆಂದರೆ ಹುಳು ಮೇಲ್ ಕಳಿಸಿದ ನಂತರವೇ ಫೈಲುಗಳಿಗೆ ಕೈ ಹಾಕುವುದು, ಅದರಲ್ಲೂ ಹಂಚಿಕೊಂಡ ಡ್ರೈವುಗಳಿಗೆ ಅದು ಬರುವಷ್ಟರಲ್ಲಿ ನೀವು ಕೇಬಲ್ ತೆಗೆದಿದ್ದರೆ ಇಡೀ ಕಚೇರಿಯ ಚಿತ್ರಗಳು ಉಳಿದಾವು. ಎರಡನೆಯದು, ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಪಟ್ಟಿಯಲ್ಲಿ ಡಬ್ಲ್ಯುಸ್ಕ್ರಿಪ್ಟ್ ಎಂದು ಇರುವುದನ್ನೆಲ್ಲ ನಿಲ್ಲಿಸುವುದು. ಎರಡು ಸಲ ಕ್ಲಿಕ್ ಮಾಡಿದ್ದರೆ ಎರಡು ಇರುತ್ತವೆ, ಒಂದನ್ನು ನಿಲ್ಲಿಸಿ ಸುಮ್ಮನಾಗಬಾರದು. ಮೂರನೆಯದು ಔಟ್‌ಲುಕ್‌ನ ಔಟ್‌ಬಾಕ್ಸ್: ಕೇಬಲ್ ತೆಗೆದಾಗ ಹೊರಡದೆ ಉಳಿದ ಮೇಲ್‌ಗಳು ಅಲ್ಲಿ ಸಾಲುಗಟ್ಟಿರುತ್ತವೆ, ಕೇಬಲ್ ಸಿಕ್ಕಿಸಿದ ಕೂಡಲೇ ಹೊರಟುಹೋಗುತ್ತವೆ. ಅವನ್ನು ಅಳಿಸಿ, ಇನ್‌ಬಾಕ್ಸಿನ ಮೂಲ ಮೇಲನ್ನೂ ಕಳಿಸಿದ ಮೇಲ್‌ಗಳನ್ನೂ ಅಳಿಸಿ, ಅಳಿಸಿದವು ಹೋಗಿ ಬೀಳುವ ಫೋಲ್ಡರನ್ನೂ ಖಾಲಿ ಮಾಡಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು.

ಆಮೇಲೆ ರಿಜಿಸ್ಟ್ರಿ. ರೆಜ್‌ಎಡಿಟ್ ತೆರೆದು, ಮೊದಲು ಇಡಿಯಾಗಿ ಒಂದು ಪ್ರತಿ ತೆಗೆದಿಟ್ಟು, ಲೋಕಲ್ ಮಷೀನ್ ವಿಭಾಗದ ರನ್‌ನಲ್ಲಿ ಎಂಎಸ್‌ಕರ್ನಲ್32, ರನ್‌ಸರ್ವಿಸಸ್‌ನಲ್ಲಿ ವಿನ್32ಡಿಎಲ್‌ಎಲ್, ಇದ್ದರೆ ವಿನ್-ಬಗ್ಸ್‌ಫಿಕ್ಸ್ ಎಂಬ ಸಾಲುಗಳನ್ನು ಮಾತ್ರ ಅಳಿಸಬೇಕು. ರನ್ ಎಂಬ ಇಡೀ ಕೊಂಬೆಯನ್ನಲ್ಲ. ಬ್ರೌಸರಿನ ಮುಖಪುಟವನ್ನು ಖಾಲಿ ಪುಟಕ್ಕೆ ಬದಲಿಸುವುದೂ ಈಗಲೇ, ಇಲ್ಲದಿದ್ದರೆ ಯಾರೋ ಬ್ರೌಸರ್ ತೆರೆದಾಗ ಪಾಸ್‌ವರ್ಡ್ ಕಳ್ಳನನ್ನು ಕರೆತರುವ ಪ್ರಯತ್ನ ಮತ್ತೆ ನಡೆಯುತ್ತದೆ.

ಇಷ್ಟಾದ ಮೇಲೆ ಫೈಲುಗಳು. ಮೂರು ಮೂಲ ನಕಲುಗಳು, ಸಿಸ್ಟಮ್ ಫೋಲ್ಡರಿನ ಎಚ್‌ಟಿಎಂ, ಎಂಐಆರ್‌ಸಿಯ ಸ್ಕ್ರಿಪ್ಟ್.ಐಎನ್‌ಐ. ಬಳಿಕ ಎಲ್ಲ ಡ್ರೈವುಗಳಲ್ಲಿ ವಿಬಿಎಸ್ ಬಾಲದ ಫೈಲುಗಳನ್ನು ಹುಡುಕಿಸಿ ಗಾತ್ರದ ಪ್ರಕಾರ ಜೋಡಿಸಿದರೆ ಒಂದೇ ಗಾತ್ರದ ನೂರಾರು ಫೈಲುಗಳು ಒಟ್ಟಿಗೆ ನಿಂತಿರುತ್ತವೆ. ಅವೇ. ಬೇರೆ ಗಾತ್ರದ ಒಂದೆರಡು ಇದ್ದರೆ ಅವು ನಿಮ್ಮ ನಿರ್ವಾಹಕರ ನಿಜವಾದ ಸ್ಕ್ರಿಪ್ಟುಗಳಿರಬಹುದು. ಡಬಲ್ ಕ್ಲಿಕ್ ಮಾಡದೆ, ನೋಟ್‌ಪ್ಯಾಡ್ ಒಳಗಿನಿಂದ ತೆರೆದು ನೋಡಿ.

ಹಾಡುಗಳನ್ನು ಮರಳಿ ಕಾಣಿಸಲು ಡಾಸ್ ಕಿಟಕಿಯಲ್ಲಿ ಆಟ್ರಿಬ್ ಆದೇಶಕ್ಕೆ ಮೈನಸ್ ಎಚ್ ಸೇರಿಸಿ ಎಲ್ಲ ಎಂಪಿ3ಗಳ ಮೇಲೆ ಓಡಿಸಿದರೆ ಸಾಕು. ಚಿತ್ರಗಳ ವಿಷಯದಲ್ಲಿ ಸಮಾಧಾನ ಹೇಳಲಾಗದು. ಅಳಿಸಿದ ಫೈಲನ್ನು ವಾಪಸು ತರುವ ಸಾಫ್ಟ್‌ವೇರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅಂಥ ಸಾಫ್ಟ್‌ವೇರ್ ನಡೆಯುವುದು ಡಿಸ್ಕಿನ ಮೇಲೆ ಹಳೆಯ ಅಕ್ಷರಗಳು ಹಾಗೇ ಉಳಿದಿದ್ದರೆ. ಇಲ್ಲಿ ಅಳಿಸುವ ಮೊದಲೇ ಮೂಲದ ಮೇಲೆ ಬರೆದಾಗಿದೆ, ಚಿತ್ರದ ತಲೆಭಾಗವೇ ಹೋಗಿರುತ್ತದೆ. ಸಿಡಿಯಲ್ಲೋ ಟೇಪಿನಲ್ಲೋ ಪ್ರತಿ ಇಟ್ಟವರಿಗಷ್ಟೇ ಅವು ಸಿಕ್ಕವು. ಆ್ಯಂಟಿವೈರಸ್ ಹುಳುವನ್ನು ತೆಗೆಯಬಲ್ಲದು, ಹುಳು ತಿಂದದ್ದನ್ನು ಕಕ್ಕಿಸಲಾರದು.

ಕಚೇರಿಯಾದರೆ ಇನ್ನೂ ಒಂದು ನಿಯಮ: ಒಂದೊಂದಾಗಿ ಶುಚಿ ಮಾಡಿ ಒಂದೊಂದಾಗಿ ನೆಟ್‌ವರ್ಕಿಗೆ ಜೋಡಿಸುತ್ತ ಹೋಗಬಾರದು. ಮೇಲ್ ಸರ್ವರ್ ನಿಲ್ಲಿಸಿ, ಅದರೊಳಗಿನ ಅಂಚೆಪೆಟ್ಟಿಗೆಗಳನ್ನು ಸೋಸಿ, ಹಂಚಿಕೊಂಡ ಡ್ರೈವನ್ನು ಶುಚಿ ಮಾಡಿ, ಎಲ್ಲ ಕಂಪ್ಯೂಟರುಗಳೂ ಮುಗಿದ ಮೇಲೆ ತೆರೆಯಬೇಕು. ಹಂಚಿಕೊಂಡ ಫೋಲ್ಡರಿನಲ್ಲಿ ಉಳಿದ ಒಂದೇ ಒಂದು ಜೆಪಿಜಿ.ವಿಬಿಎಸ್ ಸಾಕು, ಇಡೀ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೈಕ್ರೋಸಾಫ್ಟ್ ಮರುತಿಂಗಳೇ, 2000ದ ಜೂನಿನಲ್ಲಿ, ಔಟ್‌ಲುಕ್‌ಗೆ ತಿದ್ದುಪಡಿ ಕೊಟ್ಟಿತು: ವಿಬಿಎಸ್, ಇಎಕ್ಸ್‌ಇಯಂಥ ಲಗತ್ತುಗಳು ತೆರೆಯುವುದೇ ಇಲ್ಲ, ಬೇರೆ ಪ್ರೋಗ್ರಾಮು ವಿಳಾಸ ಪುಸ್ತಕಕ್ಕೆ ಕೈ ಹಾಕಿದರೆ ಬಳಕೆದಾರರ ಅನುಮತಿ ಕೇಳುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಅನುಮಾನ ಬಂದದ್ದು ಓನೆಲ್ ಡಿ ಗುಜ್‌ಮನ್ ಎಂಬ ಕಂಪ್ಯೂಟರ್ ಕಾಲೇಜಿನ ವಿದ್ಯಾರ್ಥಿಯ ಮೇಲೆ. ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಕುರಿತ ಅವನ ಪ್ರಬಂಧದ ಪ್ರಸ್ತಾವವನ್ನು ಕಾಲೇಜು ತಿರಸ್ಕರಿಸಿತ್ತು. ಆಗ ಆ ದೇಶದಲ್ಲಿ ಇದನ್ನು ಅಪರಾಧ ಎನ್ನುವ ಕಾನೂನೇ ಇರಲಿಲ್ಲ. ಜೂನಿನಲ್ಲಿ ಕಾನೂನು ಬಂತು, ಆದರೆ ಹಿಂದಿನದಕ್ಕೆ ಅನ್ವಯಿಸದ್ದರಿಂದ ಆಗಸ್ಟಿನಲ್ಲಿ ಮೊಕದ್ದಮೆ ಬಿದ್ದುಹೋಯಿತು. ಹುಳು ತನ್ನದೇ ಎಂದು ಅವನು ಒಪ್ಪಿಕೊಂಡದ್ದು 2020ರಲ್ಲಿ.

ಔಟ್‌ಲುಕ್‌ನ ಹಂಗು ತೊರೆದ ಹುಳು

ಔಟ್‌ಲುಕ್‌ನ ಬಾಗಿಲು ಮುಚ್ಚಿತು, ಹುಳುಗಳು ಬಾಗಿಲು ಬೇಡ ಎಂದವು. 2004ರ ಜನವರಿ 26ರಂದು ಕಾಣಿಸಿಕೊಂಡ ಮೈಡೂಮ್ ತನ್ನೊಳಗೇ ಮೇಲ್ ಕಳಿಸುವ ಎಂಜಿನನ್ನು ಹೊತ್ತು ತಂದಿತು. ವಿಳಾಸ ಪುಸ್ತಕದ ಜತೆಗೆ ಡಿಸ್ಕಿನಲ್ಲಿರುವ ಎಚ್‌ಟಿಎಂ, ಟಿಎಕ್ಸ್‌ಟಿ, ಪಿಎಚ್‌ಪಿ ಫೈಲುಗಳನ್ನೆಲ್ಲ ತಡಕಾಡಿ ವಿಳಾಸ ಹೆಕ್ಕಿತು. ಕಳಿಸುವವರ ಜಾಗದಲ್ಲಿ ಸುಳ್ಳು ವಿಳಾಸ ಹಾಕಿತು. ಪ್ರೇಮಪತ್ರದ ಆಮಿಷವನ್ನೂ ಬಿಟ್ಟು, ನಿಮ್ಮ ಮೇಲ್ ತಲುಪಲಿಲ್ಲ, ವಿವರ ಲಗತ್ತಿನಲ್ಲಿದೆ ಎಂಬ ಬರಡು ತಾಂತ್ರಿಕ ಸಂದೇಶದ ವೇಷ ಹಾಕಿತು. ಕಚೇರಿಯಲ್ಲಿ ಪ್ರೇಮಪತ್ರಕ್ಕಿಂತ ಇದನ್ನು ತೆರೆಯುವವರೇ ಹೆಚ್ಚು ಎಂದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಲಗತ್ತನ್ನು ಜಿಪ್‌ನಲ್ಲಿ ಸುತ್ತಿ ಕಳಿಸುತ್ತಿದ್ದರಿಂದ ಬಾಲ ನೋಡಿ ತಡೆಯುವ ಉಪಾಯವೂ ಸಡಿಲವಾಯಿತು.

ಇದನ್ನು ತೆಗೆಯುವಾಗ ಎರಡು ಕಡೆ ಎಡವುತ್ತಿದ್ದರು. ಹುಳು ಟಾಸ್ಕ್‌ಮಾನ್.ಇಎಕ್ಸ್‌ಇ ಎಂಬ ಹೆಸರಲ್ಲಿ ಸಿಸ್ಟಮ್ ಫೋಲ್ಡರಿನಲ್ಲಿ ಕೂರುತ್ತಿತ್ತು. ವಿಂಡೋಸ್ 98ರಲ್ಲಿ ಅದೇ ಹೆಸರಿನ ನಿಜವಾದ ಫೈಲೂ ಒಂದಿದೆ, ಆದರೆ ಅದಿರುವುದು ವಿಂಡೋಸ್ ಫೋಲ್ಡರಿನಲ್ಲಿ. ಹೆಸರು ನೋಡಿ ಎರಡನ್ನೂ ಅಳಿಸಿದವರಿದ್ದಾರೆ, ನೋಡಬೇಕಾದ್ದು ಜಾಗ. ಎರಡನೆಯದು ಶಿಮ್‌ಜಿಎಪಿಐ.ಡಿಎಲ್‌ಎಲ್ ಎಂಬ ಹಿಂಬಾಗಿಲು. ಅದು 3127ರಿಂದ 3198ರವರೆಗಿನ ಪೋರ್ಟುಗಳಲ್ಲಿ (ನೆಟ್‌ವರ್ಕಿನಿಂದ ಕಂಪ್ಯೂಟರಿನೊಳಗೆ ಬರುವ, ಸಂಖ್ಯೆ ಕೊಟ್ಟ ಬಾಗಿಲುಗಳು) ಒಂದನ್ನು ತೆರೆದು ಹೊರಗಿನವರಿಗೆ ದಾರಿ ಕೊಡುತ್ತಿತ್ತು. ವೆಬ್‌ಚೆಕ್.ಡಿಎಲ್‌ಎಲ್ ಎಂಬ ಅಸಲಿ ಫೈಲಿನ ಹೆಸರಿದ್ದ ರಿಜಿಸ್ಟ್ರಿಯ ಸಾಲಿನಲ್ಲಿ ತನ್ನ ಹೆಸರು ಬರೆದುಕೊಂಡದ್ದರಿಂದ ವಿಂಡೋಸ್ ಎಕ್ಸ್‌ಪ್ಲೋರರೇ ಅದನ್ನು ಎತ್ತಿಕೊಳ್ಳುತ್ತಿತ್ತು. ಅಳಿಸಲು ಹೋದರೆ ಫೈಲು ಬಳಕೆಯಲ್ಲಿದೆ ಎನ್ನುತ್ತದೆ. ಮೊದಲು ಆ ಸಾಲಿಗೆ ವೆಬ್‌ಚೆಕ್ ಹೆಸರನ್ನು ವಾಪಸು ಬರೆದು, ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಆಮೇಲೆ ಅಳಿಸಬೇಕು. ಸಾಲನ್ನು ಬರೀ ಖಾಲಿ ಮಾಡಿದರೆ ಅಸಲಿ ಫೈಲಿಗೆ ಜಾಗ ಇಲ್ಲದಾಗುತ್ತದೆ. ಎರಡೇ ದಿನಕ್ಕೆ ಬಂದ ಅದರ ತಮ್ಮ, ಬಿ ಅವತಾರ, ಯಾವ ತಾಣದ ಹೆಸರಿಗೆ ಯಾವ ವಿಳಾಸ ಎಂದು ಕಂಪ್ಯೂಟರ್ ಮೊದಲು ನೋಡುವ ಹೋಸ್ಟ್ಸ್ ಫೈಲನ್ನು ತಿದ್ದಿ ಆ್ಯಂಟಿವೈರಸ್ ಕಂಪನಿಗಳ ತಾಣಗಳೇ ತೆರೆಯದಂತೆ ಮಾಡಿತ್ತು.

ಮೊದಲ ಮೈಡೂಮ್ 2004ರ ಫೆಬ್ರವರಿ 12ಕ್ಕೆ ಹರಡುವುದನ್ನು ತಾನೇ ನಿಲ್ಲಿಸುವಂತೆ ಬರೆಯಲಾಗಿತ್ತು. ಹಿಂಬಾಗಿಲಿಗೆ ಮಾತ್ರ ಅಂಥ ಗಡುವು ಇರಲಿಲ್ಲ. ಮೇಲ್ ಹೋಗುವುದು ನಿಂತಿತು, ಹಾಗಾಗಿ ಹುಳು ಹೋಯಿತು ಎಂದುಕೊಂಡವರ ಕಂಪ್ಯೂಟರಿನ ಹಿತ್ತಲ ಬಾಗಿಲು ಹಾಗೇ ತೆರೆದಿತ್ತು.

ಇವತ್ತು ತಗುಲಿದರೆ

ವಿಬಿಎಸ್ ಲಗತ್ತನ್ನು ಜಿಮೇಲ್ ಈಗ ಒಳಗೇ ಬಿಡುವುದಿಲ್ಲ, ಜಿಪ್‌ನಲ್ಲಿ ಸುತ್ತಿದರೂ. ಇಂಟರ್ನೆಟ್‌ನಿಂದ ಬಂದ ವರ್ಡ್, ಎಕ್ಸೆಲ್ ಫೈಲುಗಳ ಮ್ಯಾಕ್ರೋಗಳನ್ನು (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಮುಗಳನ್ನು) ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ, ವಿಬಿ ಸ್ಕ್ರಿಪ್ಟನ್ನೇ ವಿಂಡೋಸ್‌ನಿಂದ ಹಂತಹಂತವಾಗಿ ಕೈಬಿಡುವುದಾಗಿ 2023ರಲ್ಲಿ ಘೋಷಿಸಿದೆ. ಹಾಗಾಗಿ ಈಗಿನ ಮೇಲ್‌ಗಳಲ್ಲಿ ಲಗತ್ತಿನ ಬದಲು ಲಿಂಕು, ಡೌನ್‌ಲೋಡಾದ ಐಎಸ್‌ಒ (ಇಡೀ ಡಿಸ್ಕಿನ ಪ್ರತಿಯಂಥ ಫೈಲು), ಅದರೊಳಗೊಂದು ಶಾರ್ಟ್‌ಕಟ್ ಫೈಲು. ಬಾಲ ಮರೆಮಾಚುವ ಹಳೆಯ ಚಾಳಿ ವಿಂಡೋಸ್ 11ರಲ್ಲೂ ಇದೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ, ಅದರೊಳಗೆ ಶೋ, ಅಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಬಾಲಗಳು ಕಾಣುತ್ತವೆ. ಅರ್ಧ ನಿಮಿಷದ ಕೆಲಸ. ಶಾರ್ಟ್‌ಕಟ್ ಫೈಲಿನ ಬಾಲ ಮಾತ್ರ ಆಗಲೂ ಕಾಣುವುದಿಲ್ಲ, ಮೂಲೆಯಲ್ಲಿನ ಪುಟ್ಟ ಬಾಣದ ಗುರುತೇ ಅದರ ಸುಳಿವು.

ತಗುಲಿದೆ ಎಂದು ಅನಿಸಿದರೆ ಕ್ರಮ ಹಳೆಯದೇ, ಸಲಕರಣೆ ಹೊಸದು. ವೈಫೈ ಆಫ್, ಕೇಬಲ್ ಹೊರಗೆ. ನಿಮ್ಮ ಹೆಸರಲ್ಲಿ ಮೇಲ್ ಹೋಗಿರಬಹುದಾದವರಿಗೆ ಫೋನಿನಲ್ಲೋ ವಾಟ್ಸ್ಯಾಪಿನಲ್ಲೋ ತಿಳಿಸಿ, ಮೇಲ್‌ನಲ್ಲಿ ಬೇಡ. ಈ ಕಂಪ್ಯೂಟರಿನಿಂದ ಯಾವ ಪಾಸ್‌ವರ್ಡನ್ನೂ ಬದಲಿಸಬೇಡಿ. ಒಳಗೆ ಕೂತದ್ದು ಹೊಸದನ್ನೂ ನೋಡಿಕೊಳ್ಳುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ಮತ್ತೆ ಶುರುವಾಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಜಾಲಾಡುತ್ತದೆ. ಹುಳು ಎಚ್ಚರಗೊಳ್ಳದಿರುವಾಗ ಹಿಡಿಯುವುದು ಸುಲಭ. ಮೈಡೂಮ್ ಕಾಲದ ‘ಫೈಲು ಬಳಕೆಯಲ್ಲಿದೆ’ ಎಂಬ ತಕರಾರು ಇಲ್ಲಿ ಬರುವುದಿಲ್ಲ. ಬಳಿಕ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟ, ಟಾಸ್ಕ್ ಶೆಡ್ಯೂಲರ್ ಎರಡನ್ನೂ ನೋಡಿ. ತಾನಾಗಿ ಶುರುವಾಗುವುದೆಲ್ಲದರ ಪೂರ್ತಿ ಪಟ್ಟಿ ಬೇಕೆಂದರೆ ಮೈಕ್ರೋಸಾಫ್ಟ್‌ನದೇ ಉಚಿತ ಆಟೋರನ್ಸ್ ಇದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಇಂಥ ಶುಚಿ ಮಾಡುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಬ್ಯಾಂಕಿನ ಹಣ ಹೋಗಿದ್ದರೆ ಮಾತ್ರ ಶುಚಿ ಮಾಡುತ್ತ ಕೂರಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಕಚೇರಿಯ ಕಂಪ್ಯೂಟರಿನಲ್ಲಿ ಹಿಂಬಾಗಿಲು ತೆರೆದಿತ್ತು ಎಂಬ ಗುಮಾನಿ ಇದ್ದರೆ ಶುಚಿ ಮಾಡುವುದಕ್ಕಿಂತ ವಿಂಡೋಸನ್ನು ಹೊಸದಾಗಿ ಹಾಕುವುದೇ ಮೇಲು. ಬಂದದ್ದನ್ನು ಪಟ್ಟಿ ಮಾಡಬಹುದು, ಅದು ಯಾರನ್ನೆಲ್ಲ ಕರೆತಂದಿತ್ತು ಎಂಬುದನ್ನು ಮಾಡಲಾಗದು.

ಹೊಸದಾಗಿ ಸೇರಿದ ಕೆಲಸ ಮೇಲ್ ಖಾತೆಯದು. ಇನ್ನೊಂದು ಶುಚಿಯಾದ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ತೆರೆದು ನೋಡಿ. ಬಂದ ಮೇಲ್‌ಗಳನ್ನೆಲ್ಲ ಅಪರಿಚಿತ ವಿಳಾಸಕ್ಕೆ ಕಳಿಸಿ ನಿಮ್ಮ ಕಣ್ಣಿಗೆ ಬೀಳದಂತೆ ಅಳಿಸುವ ನಿಯಮ ಅಲ್ಲಿ ಕೂತಿದ್ದರೆ ಪಾಸ್‌ವರ್ಡ್ ಬದಲಿಸಿದರೂ ಅದು ಓಡುತ್ತಲೇ ಇರುತ್ತದೆ.

ಮೇಲ್ ಮೂಲಕವೇ ಹರಡುತ್ತಿದ್ದ ಎಮೊಟೆಟ್ ಎಂಬ ಕೇಡಿನ ಪ್ರೋಗ್ರಾಮು ಕದ್ದ ಹಳೆಯ ಸಂಭಾಷಣೆಗಳಿಗೇ ಉತ್ತರ ಬರೆದ ಹಾಗೆ ಮೇಲ್ ಕಳಿಸುತ್ತಿತ್ತು. ಪೊಲೀಸರು 2021ರ ಜನವರಿಯಲ್ಲಿ ಅದರ ಸರ್ವರುಗಳನ್ನು ಹಿಡಿದರು, ಏಪ್ರಿಲ್ 25ರಂದು ಎಲ್ಲ ಕಂಪ್ಯೂಟರುಗಳಿಂದ ಅದನ್ನು ಕಿತ್ತುಹಾಕುವ ಆದೇಶವೂ ಹೋಯಿತು, ನವೆಂಬರಿನಲ್ಲಿ ಮತ್ತೆ ಬಂತು. ಇಂಥದ್ದು ತಗುಲಿದ್ದರೆ ಕಂಪ್ಯೂಟರ್ ಶುಚಿಯಾಗಿ ತಿಂಗಳುಗಳಾದ ಮೇಲೂ ಯಾರಾದರೂ ಫೋನ್ ಮಾಡಿ ನಿಮ್ಮಿಂದ ಮತ್ತೆ ಏನೋ ಬಂದಿದೆ ಎನ್ನಬಹುದು. ಆಗ ಪುನಃ ಸ್ಕ್ಯಾನ್ ಮಾಡಲು ಹೋಗಬೇಡಿ. ಆ ಮೇಲ್‌ನ ಪೂರ್ತಿ ಹೆಡರನ್ನು, ಅಂದರೆ ಅದು ಸಾಗಿಬಂದ ದಾರಿಯ ದಾಖಲೆಯನ್ನು, ಕಳಿಸಲು ಹೇಳಿ. ಜಿಮೇಲ್ ಆದರೆ ಶೋ ಒರಿಜಿನಲ್ ಎಂದು ಒತ್ತಿದರೆ ಸಿಗುತ್ತದೆ. ಅದರ ಮೇಲ್ಭಾಗದಲ್ಲೇ ಎಸ್‌ಪಿಎಫ್, ಡಿಕೆಐಎಂ ಎಂಬ ಎರಡು ಸಾಲು, ಮೇಲ್ ನಿಜಕ್ಕೂ ಎಲ್ಲಿಂದ ಹೊರಟಿತು ಎಂಬ ಪರೀಕ್ಷೆಗಳು. ಪಕ್ಕದಲ್ಲಿ ಪಾಸ್ ಅಥವಾ ಫೇಲ್, ಡಿಕೆಐಎಂ ಸಾಲಿನಲ್ಲಿ ಒಂದು ಡೊಮೈನ್ ಹೆಸರೂ (ಮೇಲ್ ವಿಳಾಸದಲ್ಲಿ @ ಆಚೆಗಿರುವ ಭಾಗ). ಆ ಡೊಮೈನ್ ನಿಮ್ಮದಲ್ಲದಿದ್ದರೆ ಯಾರೋ ನಿಮ್ಮ ಹೆಸರನ್ನು ಮಾತ್ರ ಬರೆದು ಬೇರೆಲ್ಲಿಂದಲೋ ಕಳಿಸುತ್ತಿದ್ದಾರೆ, ನಿಮ್ಮ ಕಂಪ್ಯೂಟರಿನಲ್ಲಿ ಮಾಡುವಂಥದ್ದೇನಿಲ್ಲ. ನಿಮ್ಮದೇ ಡೊಮೈನ್, ಎರಡೂ ಪಾಸ್ ಎಂದಿದ್ದರೆ ಮೇಲ್ ನಿಮ್ಮ ಖಾತೆಯಿಂದಲೇ ಹೊರಟಿರುವ ಸಂಭವ ಹೆಚ್ಚು: ಮತ್ತೆ ಫಿಲ್ಟರುಗಳು, ಖಾತೆಗೆ ಪ್ರವೇಶವಿರುವ ಆ್ಯಪ್‌ಗಳ ಪಟ್ಟಿ, ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ಈ ಮೂರನ್ನೂ ಸಾಲುಸಾಲಾಗಿ ನೋಡಿ.